ಎಣ್ಣೆ ಕೂದಲಿಗೆ, ಶಾಂಪೂ ಬುಡಕ್ಕೆ

ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ, ಅಷ್ಟೇ. ಜೀವ ಇರುವುದು ನೆತ್ತಿಯ ಚರ್ಮದೊಳಗೆ ಹುದುಗಿರುವ ಬುಡದಲ್ಲಿ. ಹಾಗಾಗಿ ಎಳೆಗೆ ಬೇಕಾದದ್ದೇ ಬೇರೆ, ಬುಡಕ್ಕೆ ಬೇಕಾದದ್ದೇ ಬೇರೆ. ಹೆಚ್ಚಿನ ಮನೆಗಳಲ್ಲಿ ಬುಡಕ್ಕೆ ಎಣ್ಣೆ ತಿಕ್ಕಿ, ಎಳೆಗೆ ಶಾಂಪೂ ಉಜ್ಜುತ್ತಾರೆ. ಆಗಬೇಕಾದದ್ದು ಇದರ ತಿರುಗುಮುರುಗು.

ಉದುರಿದ ಕೂದಲನ್ನು ಹಿಡಿದು ನೋಡಿ

ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬೆಳಕಿಗೆ ಹಿಡಿಯಿರಿ. ಒಂದು ತುದಿಯಲ್ಲಿ ಸಾಸಿವೆಗಿಂತ ಚಿಕ್ಕದಾದ ಬಿಳಿ ಗಂಟು ಇದ್ದರೆ ಅದು ಬುಡದಿಂದ ಉದುರಿದ್ದು. ಗಂಟಿಲ್ಲದೆ ತುಂಡಾಗಿದ್ದರೆ ಅದು ನಡುವೆ ಮುರಿದದ್ದು. ಬಿಳಿ ಗಂಟು ಕಂಡು “ಬೇರು ಸಮೇತ ಕಿತ್ತು ಬಂತು, ಇನ್ನು ಹುಟ್ಟಲ್ಲ” ಎಂದು ಗಾಬರಿಯಾಗುವವರೇ ಹೆಚ್ಚು. ಅದು ಬೇರಲ್ಲ. ಆಯಸ್ಸು ಮುಗಿದ ಕೂದಲಿನ ತುದಿ. ಬೇರು ಒಳಗೇ ಉಳಿದಿರುತ್ತದೆ, ಹೊಸ ಕೂದಲು ಅಲ್ಲಿಂದಲೇ ಬರುತ್ತದೆ. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ವಾರಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ಸ್ನಾನದ ದಿನ ಕೈತುಂಬ ಕಾಣುವುದಕ್ಕೆ ಕಾರಣ, ಉದುರಿಯೂ ಸಿಕ್ಕಿಕೊಂಡಿದ್ದ ಕೂದಲೆಲ್ಲ ಅಂದೇ ಕಳಚಿಕೊಳ್ಳುವುದು.

ಉದುರುವಿಕೆ ಮಿತಿಮೀರಿದೆಯೇ ಎಂದು ತಿಳಿಯಲು, ತಲೆಗೆ ನೀರು ಹಾಕಿಕೊಂಡ ಮರುದಿನ ಸುಮಾರು 50-60 ಕೂದಲಿನ ಒಂದು ಎಸಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಬುಡದಿಂದ ತುದಿಯವರೆಗೆ ಹಗುರವಾಗಿ ಜಗ್ಗಿ. ಎರಡು ಮೂರು ಬಂದರೆ ಚಿಂತೆಯಿಲ್ಲ. ತಲೆಯ ನಾಲ್ಕೂ ಕಡೆ ಹೀಗೆ ಮಾಡಿದಾಗ ಪ್ರತಿ ಸಲ ಆರಕ್ಕಿಂತ ಹೆಚ್ಚು ಬಂದರೆ ಕಾರಣ ಹುಡುಕಬೇಕು.

ಕಾರಣ ಹುಡುಕುವಾಗ ಎಲ್ಲರೂ ತಪ್ಪುವುದು ಒಂದೇ ಕಡೆ. ಕಳೆದ ವಾರ ಬದಲಿಸಿದ ಶಾಂಪೂ ಮೇಲೆ ಗೂಬೆ ಕೂರಿಸುತ್ತಾರೆ. ಡೆಂಗ್ಯೂ, ಟೈಫಾಯ್ಡ್, ಹೆರಿಗೆ, ಆಪರೇಷನ್, ಊಟ ಬಿಟ್ಟು ತೂಕ ಇಳಿಸುವುದು, ಇಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲು ಒಟ್ಟೊಟ್ಟಿಗೆ ವಿಶ್ರಾಂತಿಗೆ ಹೋಗುತ್ತದೆ. ಅದು ಉದುರುವುದು ಎರಡು ಮೂರು ತಿಂಗಳ ನಂತರ. ಅಂದರೆ ದೀಪಾವಳಿ ಹೊತ್ತಿಗೆ ಉದುರುತ್ತಿದ್ದರೆ ಶ್ರಾವಣದಲ್ಲಿ ಏನಾಗಿತ್ತು ಎಂದು ನೆನಪಿಸಿಕೊಳ್ಳಿ. ಕಾರಣ ಮರುಕಳಿಸದಿದ್ದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ನಿಲ್ಲುತ್ತದೆ. ಆದರೆ ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ, ಜಡೆ ಮೊದಲಿನಂತಾಗಲು ಕಾಯಲೇಬೇಕು. ನಿಲ್ಲದಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ಪರೀಕ್ಷೆಗಳ ಬಗ್ಗೆ ವೈದ್ಯರನ್ನು ಕೇಳಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಣ್ಣುಮಕ್ಕಳಲ್ಲಿ ಕಬ್ಬಿಣದ ಕೊರತೆ ತುಂಬಾ ಸಾಮಾನ್ಯ.

ಹೊಟ್ಟಿಗೆ ಎಣ್ಣೆ ಮದ್ದಲ್ಲ

ತಲೆಹೊಟ್ಟನ್ನು ಒಣ ಚರ್ಮ ಎಂದುಕೊಂಡು ಎಣ್ಣೆ ಸುರಿಯುವುದು ನಮ್ಮಲ್ಲಿ ಬಹಳ ಹಳೆಯ ತಪ್ಪು. ಎಲ್ಲರ ನೆತ್ತಿಯ ಮೇಲೂ ಮಲಸೀಜಿಯ ಎಂಬ ಶಿಲೀಂಧ್ರ ಇರುತ್ತದೆ. ಜಿಡ್ಡೇ ಅದರ ಆಹಾರ. ಜಿಡ್ಡನ್ನು ಅದು ಒಡೆದಾಗ ಉಳಿಯುವ ಕೊಬ್ಬಿನಾಮ್ಲ ಕೆಲವರ ಚರ್ಮವನ್ನು ಕೆರಳಿಸುತ್ತದೆ. ಚರ್ಮ ಬೇಗ ಬೇಗ ಪೊರೆ ಕಳಚುತ್ತದೆ. ಎಣ್ಣೆ ಹಚ್ಚಿದಾಗ ಹೊಟ್ಟು ಅಂಟಿಕೊಂಡು ಕಾಣದಾಗುತ್ತದೆ, ಅದನ್ನೇ ಗುಣವಾಯಿತೆಂದು ನಂಬುತ್ತೇವೆ.

ಮಾಡಬೇಕಾದದ್ದು ಇಷ್ಟು. 2 ಶೇಕಡಾ ಕೀಟೋಕೊನಜೋಲ್ ಎಂಬ ಶಿಲೀಂಧ್ರನಾಶಕ ಇರುವ ಶಾಂಪೂ ತನ್ನಿ. ತಲೆ ಒದ್ದೆ ಮಾಡಿ, ಬೈತಲೆ ಬಿಡಿಸುತ್ತಾ ಬೆರಳ ತುದಿಯಿಂದ ಚರ್ಮಕ್ಕೆ ಹಚ್ಚಿ. ಉಗುರು ತಾಗಿಸಬೇಡಿ. ಐದು ನಿಮಿಷ ಬಿಟ್ಟು ತೊಳೆಯಿರಿ. ಈ ಐದು ನಿಮಿಷವನ್ನು ಬಿಟ್ಟುಬಿಡುವುದರಿಂದಲೇ “ಔಷಧಿ ಶಾಂಪೂನೂ ಕೆಲಸ ಮಾಡಲಿಲ್ಲ” ಎಂಬ ದೂರು ಬರುವುದು. ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಆಮೇಲೆ ಒಂದೆರಡು ವಾರಕ್ಕೊಮ್ಮೆ ಮುಂದುವರಿಸಿ. ಹೊಟ್ಟು ಹತೋಟಿಗೆ ಬರುತ್ತದೆಯೇ ಹೊರತು ಬುಡಸಮೇತ ಹೋಗುವಂಥದ್ದಲ್ಲ. ನಿಂಬೆರಸವನ್ನು ನೇರವಾಗಿ ತಿಕ್ಕಬೇಡಿ, ಕೆರೆದು ಗಾಯವಾದ ಚರ್ಮ ಉರಿದು ಇನ್ನಷ್ಟು ಕೆಂಪಾಗುತ್ತದೆ.

ತಲೆಸ್ನಾನದ ಕ್ರಮ

ಕೊಬ್ಬರಿ ಎಣ್ಣೆಗೆ ನಿಜವಾದ ಗುಣವಿದೆ. ಅದರಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ಎಳೆಯೊಳಕ್ಕೆ ಇಳಿಯುತ್ತದೆ. ನೀರಿನಲ್ಲಿ ನೆನೆದು ಉಬ್ಬುವಾಗ ಪ್ರೋಟೀನ್ ಸೋರದಂತೆ ತಡೆಯುತ್ತದೆ. ಮಿನರಲ್ ಆಯಿಲ್‌ಗೆ ಈ ಗುಣವಿಲ್ಲ. ಹಾಗಾಗಿ ಎಣ್ಣೆ ಹಚ್ಚಬೇಕಾದದ್ದು ಸ್ನಾನಕ್ಕೆ ಮೊದಲು, ನಡುವಿನಿಂದ ತುದಿಯವರೆಗೆ. ಹೆಗಲುದ್ದದ ಕೂದಲಿಗೆ ಎರಡು ಟೀ ಚಮಚ ಸಾಕು, ಒಂದು ಗಂಟೆ ಸಾಕು. ಆದರೆ ಯಾವ ಎಣ್ಣೆಯೂ ಹೊಸ ಕೂದಲು ಹುಟ್ಟಿಸುವುದಿಲ್ಲ.

ಶಾಂಪೂವನ್ನು ಅಂಗೈಯಲ್ಲಿ ನೀರಿನೊಂದಿಗೆ ನೊರೆ ಮಾಡಿ ನೆತ್ತಿಗೆ ಮಾತ್ರ ಹಚ್ಚಿ. ತೊಳೆಯುವಾಗ ಇಳಿಯುವ ನೊರೆಯೇ ಎಳೆಗೆ ಸಾಕು. ಕಂಡಿಷನರ್ ಎಳೆಗೆ ಮಾತ್ರ. ಸೀಗೆಕಾಯಿ ಬಳಸುವವರು ಪುಡಿಯನ್ನು ಹಾಗೇ ತಿಕ್ಕುವ ಬದಲು ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ, ಬಟ್ಟೆಯಲ್ಲಿ ಸೋಸಿದ ಕಷಾಯ ಹಾಕಿಕೊಳ್ಳಿ. ಒರಟು ಪುಡಿ ಎಳೆಯ ಮೇಲ್ಪದರವನ್ನು ಗೀರುತ್ತದೆ. ಸೋಪು ಬೇಡವೇ ಬೇಡ, ಅದರಲ್ಲೂ ಬೋರ್‌ವೆಲ್ ನೀರಿನಲ್ಲಿ. ಆ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನೊಂದಿಗೆ ಸೇರಿ ಬಕೆಟ್ಟಿನ ಅಂಚಿನಲ್ಲಿ ಕಾಣುವಂಥದ್ದೇ ಬಿಳಿ ಗಷ್ಟನ್ನು ಕೂದಲ ಮೇಲೂ ಕೂರಿಸುತ್ತದೆ. ಗಡಸು ನೀರು ಬುಡವನ್ನು ಸಾಯಿಸುವುದಿಲ್ಲ. ಎಳೆ ಒರಟಾಗಿ, ಸಿಕ್ಕು ಹೆಚ್ಚಾಗಿ, ಬಾಚುವಾಗ ಮುರಿಯುತ್ತದೆ. ಕೊನೆಯ ಎರಡು ಚೊಂಬು ಮಾತ್ರ ಮಳೆನೀರನ್ನೋ ಫಿಲ್ಟರ್ ನೀರನ್ನೋ ಸುರಿದುಕೊಳ್ಳಿ.

ಒದ್ದೆ ಕೂದಲು ಬಲು ದುರ್ಬಲ. ಟವೆಲಿನಿಂದ ಬಡಿಯಬೇಡಿ, ಒತ್ತಿ ನೀರು ತೆಗೆಯಿರಿ. ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯ ಸಿಕ್ಕು ಮೊದಲು ಬಿಡಿಸಿ, ಮೇಲಕ್ಕೆ ಹೋಗಿ. ಹಣೆ ಎಳೆಯುವಷ್ಟು ಬಿಗಿಯಾಗಿ ದಿನವೂ ಜಡೆ ಹಾಕಿದರೆ ಕಿವಿಯ ಮುಂಭಾಗ, ಹಣೆಯಂಚಿನ ಕೂದಲು ತೆಳುವಾಗುತ್ತದೆ. ವರ್ಷಗಟ್ಟಲೆ ಹೀಗಾದರೆ ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಶಾಲೆಗೆ ಹೋಗುವ ಹುಡುಗಿಯರ ಅಮ್ಮಂದಿರು ಇದನ್ನು ದಯವಿಟ್ಟು ಗಮನಿಸಿ.

ಮುಡಿ ಕೊಟ್ಟರೆ ದಟ್ಟವಾಗುತ್ತದೆ ಎಂಬುದೂ ನಿಜವಲ್ಲ. ಕತ್ತಿ ತಾಗುವುದು ಎಳೆಗೆ. ಬುಡದ ಸಂಖ್ಯೆ ಬದಲಾಗದು. ಮೊಂಡಾದ ತುದಿ ಕೈಗೆ ದಪ್ಪವೆನಿಸುತ್ತದೆ. ಅಪ್ಪಟ ಮೆಹೆಂದಿ ಕಪ್ಪು ಬಣ್ಣ ಕೊಡುವುದಿಲ್ಲ. “ಕಪ್ಪು ಮೆಹೆಂದಿ” ಎಂದರೆ ಬಹುಪಾಲು ಪಿಪಿಡಿ ಎಂಬ, ಕೆಲವರಿಗೆ ಅಲರ್ಜಿ ತರುವ ರಾಸಾಯನಿಕ ಬೆರೆತ ಡೈ, ಹಚ್ಚುವ 48 ಗಂಟೆ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ನೋಡಿ. ತುರಿಕೆ ಬಂದರೆ ಪೊಟ್ಟಣ ಎಸೆಯಿರಿ.

ನಾಣ್ಯದಗಲ ಬೋಳಾದರೆ, ನೆತ್ತಿಯಲ್ಲಿ ಕೀವು ಅಥವಾ ನೋವಿದ್ದರೆ, ಬೋಳಾದ ಜಾಗ ನುಣುಪಾಗಿ ಹೊಳೆಯುತ್ತಿದ್ದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಚರ್ಮವೈದ್ಯರ ಬಳಿ ಹೋಗಿ. ಮಕ್ಕಳ ತಲೆಯ ಹುಳುಕಡ್ಡಿ ಬರೀ ಮುಲಾಮಿಗೆ ಹೋಗದು, ನುಂಗುವ ಮಾತ್ರೆ ಬೇಕು. ವೈದ್ಯರು ಕೂದಲು ಬೆಳೆಸುವ ಔಷಧಿ ಮಿನಾಕ್ಸಿಡಿಲ್ ಬರೆದುಕೊಟ್ಟರೆ ಮೊದಲ ಕೆಲವು ವಾರ ಹೆಚ್ಚು ಉದುರಬಹುದು, ಹೆದರಿ ನಿಲ್ಲಿಸಬೇಡಿ. ಫಲ ಕಾಣಲು ಕನಿಷ್ಠ ನಾಲ್ಕು ತಿಂಗಳು ಬೇಕು. ಕೂದಲಿಗೆಂದು ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ ನುಂಗುತ್ತಿದ್ದರೆ ರಕ್ತ ಪರೀಕ್ಷೆಗೆ ಮೊದಲೇ ತಿಳಿಸಿ, ಅದು ಥೈರಾಯ್ಡ್ ವರದಿಯನ್ನು ತಪ್ಪಾಗಿ ತೋರಿಸಬಲ್ಲದು.