ಬ್ಯಾಡಗಿ ಮೆಣಸಿನಕಾಯಿ ಚೀಲಕ್ಕೆ ರೇಡಿಯೊ ಟ್ಯಾಗ್: ಕಣದಿಂದ ಗಿರಣಿವರೆಗೆ ಲೆಕ್ಕ ಇಡುವುದು ಹೇಗೆ?

ಬಂಕಾಪುರ ಟೋಲ್ ಹತ್ತಿರ ಕಾರು ನಿಧಾನ ಮಾಡುತ್ತಿದ್ದಂತೆ ಗಾಜಿನ ಮೇಲಿನ ಫಾಸ್ಟ್ಯಾಗ್ ಓದಿ ಗೇಟು ತೆರೆಯುತ್ತದಲ್ಲ, ರೇಡಿಯೊ ಅಲೆಯಿಂದ ಗುರುತು ಓದುವ ಆ ವಿಧಾನವೇ ಆರ್‌ಎಫ್‌ಐಡಿ. ಆ ಚೀಟಿಯಲ್ಲಿ ಬ್ಯಾಟರಿ ಇಲ್ಲ. ರೀಡರ್ (ಟ್ಯಾಗ್ ಓದುವ ಯಂತ್ರ) ಕಳಿಸುವ ರೇಡಿಯೊ ಅಲೆಯಿಂದಲೇ ಅದಕ್ಕೆ ಜೀವ ಬಂದು, ತನ್ನ ನಂಬರ್ ವಾಪಸ್ ಹೇಳುತ್ತದೆ. ಅಂಥದ್ದೇ ಟ್ಯಾಗನ್ನು ಮೆಣಸಿನಕಾಯಿ ಚೀಲಕ್ಕೂ ಹೊಲಿಯಬಹುದು.

ಯಾಕೆ ಬೇಕು ಅಂತೀರಾ? ಬ್ಯಾಡಗಿ ಕಾಯಿಗೆ 2011ರಲ್ಲೇ ಜಿಐ, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಖಾರ ಕಡಿಮೆ, ಬಣ್ಣ ಜಾಸ್ತಿ, ಹಾಗಾಗಿ ಮಸಾಲೆಯವರಿಗೂ ಬೇಕು, ಬಣ್ಣ ತೆಗೆಯುವ ಕಾರ್ಖಾನೆಗೂ ಬೇಕು. ಆದರೆ ಔಷಧಿ ಹೊಡೆಯುವುದನ್ನು ಕಡಿಮೆ ಮಾಡಿ, ತಾಡಪತ್ರಿ ಹಾಸಿ ಜೋಪಾನವಾಗಿ ಒಣಗಿಸಿದವರ ಕಾಯಿ, ಹಾಗೆ ಮಾಡದವರ ಕಾಯಿ ಎರಡೂ ಒಂದೇ ರಾಶಿಗೆ ಬಿದ್ದ ಮೇಲೆ ಯಾವುದು ಯಾರದು ಅಂತ ಹೇಳುವವರಿಲ್ಲ. ಮಣ್ಣು ಉಳಿಸಿದವರಿಗೆ ನಾಲ್ಕು ಕಾಸು ಜಾಸ್ತಿ ಸಿಗದಿದ್ದರೆ ಅವರು ಎಷ್ಟು ವರ್ಷ ಹಾಗೇ ಮಾಡುತ್ತಾರೆ?

ಕೆಲಸ ಶುರುವಾಗುವುದು ಕಣದಲ್ಲಿ, ಮಾರುಕಟ್ಟೆಯಲ್ಲಲ್ಲ. ಚೀಲ ತುಂಬುವ ದಿನವೇ ರೈತರ ಹೆಸರು, ಸರ್ವೆ ನಂಬರ್, ಕಾಯಿ ಕಡ್ಡಿ ಜಾತಿಯದೋ ಡಬ್ಬಿ ಜಾತಿಯದೋ, ಕೊನೆಯ ಸಲ ಯಾವ ಔಷಧಿ ಯಾವತ್ತು ಹೊಡೆದದ್ದು, ತೂಕ ಎಷ್ಟು, ಇಷ್ಟನ್ನೂ ಮೊಬೈಲಿನಲ್ಲಿ ಬರೆದು ಟ್ಯಾಗ್ ನಂಬರಿಗೆ ಜೋಡಿಸಿ. ಟ್ಯಾಗಿನೊಳಗೆ ಸಾಮಾನ್ಯವಾಗಿ 96 ಬಿಟ್‌ನ ನಂಬರ್ ಮಾತ್ರ ಇರುತ್ತದೆ, ಉಳಿದದ್ದೆಲ್ಲ ಕಂಪ್ಯೂಟರಿನ ಖಾತೆಯಲ್ಲಿ. ಕಣದಲ್ಲಿ ಸುಳ್ಳು ಬರೆದರೆ ಮುಂದಿನ ಎಲ್ಲ ಗೇಟಿನಲ್ಲೂ ಅದೇ ಸುಳ್ಳು ಓದುತ್ತದೆ.

ಟ್ಯಾಗ್ ಕೊಳ್ಳುವಾಗ ಬ್ಯಾಟರಿ ಇಲ್ಲದ, ಅತಿ ಹೆಚ್ಚು ಆವರ್ತನದ ರೇಡಿಯೊ ಅಲೆ ಬಳಸುವ ಯುಎಚ್‌ಎಫ್ ಟ್ಯಾಗ್ ಕೇಳಿ. ರೀಡರ್ ನಮ್ಮ ದೇಶಕ್ಕೆ ಬಿಟ್ಟಿರುವ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವಂಥದ್ದಿರಲಿ. ಒಬ್ಬೊಬ್ಬರೇ ರೀಡರ್ ಕೊಳ್ಳುವುದು ದುಬಾರಿ, ರೈತ ಉತ್ಪಾದಕರ ಸಂಘದಿಂದ ಒಂದು ತಗೊಂಡರೆ ಸಾಕು.

ಹೊಲಿಯುವ ಜಾಗ ಮುಖ್ಯ. ಚೀಲದ ಬಾಯಿಯ ಸುತಳಿ ಹೊಲಿಗೆಯಲ್ಲೇ ಸೇರಿಸಿದರೆ, ಬಾಯಿ ಬಿಚ್ಚಿದ ಕೂಡಲೇ ಟ್ಯಾಗ್ ಕಿತ್ತು ಬಿದ್ದುಹೋಗುತ್ತದೆ. ಬಾಯಿಗಿಂತ ಒಂದು ಗೇಣು ಕೆಳಗೆ, ಸಣ್ಣ ಬಟ್ಟೆಯ ಜೇಬು ಮಾಡಿ, ಟ್ಯಾಗ್ ಒಳಗಿಟ್ಟು ದಬ್ಬಣದಿಂದ ನಾಲ್ಕೂ ಕಡೆ ಹೊಲಿಯಿರಿ. ಹಮಾಲರಿಗೆ ಮೊದಲೇ ತೋರಿಸಿ, ಕೊಕ್ಕೆ ಅಲ್ಲಿ ಹಾಕದಿರಲಿ. ಇಬ್ಬನಿಗೆ ನೆನೆದ ಚೀಲವನ್ನು ಓದಿಸಬೇಡಿ, ನೀರು ಈ ಅಲೆಯನ್ನು ನುಂಗಿಬಿಡುತ್ತದೆ. ಕಬ್ಬಿಣದ ಬಾಗಿಲು, ತಗಡು ಅದನ್ನು ಅತ್ತಿತ್ತ ಚಿಮ್ಮಿಸುತ್ತವೆ.

ಕೋಲ್ಡ್ ಸ್ಟೋರೇಜ್ ಬಾಗಿಲಿನ ಎರಡೂ ಬದಿಗೆ ಆಂಟೆನಾ ಹಾಕಿ. ಪವರ್ ಜಾಸ್ತಿ ಇಟ್ಟರೆ ಪಕ್ಕದ ಅಟ್ಟಿಯ ಚೀಲಗಳೂ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಕಡಿಮೆ ಮಾಡುತ್ತ ಬನ್ನಿ. ಓದಿದ್ದಕ್ಕೂ ಕೈಯಿಂದ ಎಣಿಸಿದ್ದಕ್ಕೂ ತಾಳೆ ಆಗಲೇಬೇಕು. ಯಾವ ಲಾಟ್ (ಒಟ್ಟಿಗೆ ಲೆಕ್ಕ ಇಡುವ ಚೀಲಗಳ ಗುಂಪು) ಮೊದಲು ಬಂತು ಅಂತ ಗೊತ್ತಿದ್ದರೆ ಅದನ್ನೇ ಮೊದಲು ಹೊರಗೆ ಕಳಿಸಬಹುದು. ಮೂಲೆಯಲ್ಲಿ ಮರೆತುಹೋಗಿ ಬಣ್ಣ ಕಳೆದುಕೊಳ್ಳುವ ಮಾಲು ಕಡಿಮೆಯಾಗುತ್ತದೆ.

ನಿಜವಾದ ಪರೀಕ್ಷೆ ಇರುವುದು ಚೀಲ ಸುರಿದು ತೊಟ್ಟು ಬಿಡಿಸುವಲ್ಲಿ. ಮೂವರ ಚೀಲ ಒಂದೇ ರಾಶಿಯಾದರೆ ಹಳೆಯ ನಂಬರ್‌ಗಳಿಗೆ ಅಲ್ಲಿಗೆ ಮುಗಿಯಿತು. ಆಗ ಹೊಸ ಲಾಟ್ ನಂಬರ್ ಕೊಟ್ಟು, ಅದರ ಹಿಂದೆ ಯಾವ್ಯಾವ ಚೀಲ ಇದ್ದವು ಅಂತ ಬರೆಯಬೇಕು. ಇದನ್ನು ತಪ್ಪಿಸಿದರೆ ಇಡೀ ವ್ಯವಸ್ಥೆ ಸುಮ್ನೆ ಖರ್ಚು. ತೂಕವನ್ನೂ ಹೋಲಿಸಿ. ತೊಟ್ಟು, ಕಸ ಹೋದ ಮೇಲೆ ತೂಕ ಇಳಿಯಬೇಕು ಅಲ್ವಾ? 500 ಕಿಲೊ ಒಳಗೆ ಹೋಗಿ 600 ಕಿಲೊ ಹೊರಗೆ ಬಂದರೆ ಬೇರೆ ಕಾಯಿ ಬೆರೆತಿದೆ, ಇಲ್ಲಾ ನೀರು ಚಿಮುಕಿಸಿದ್ದಾರೆ. ಔಷಧಿಯ ಉಳಿಕೆ ಸಿಕ್ಕರೂ ಅಷ್ಟೇ, ಆ ಲಾಟಿನ ಚೀಲಗಳನ್ನಷ್ಟೇ ಬದಿಗಿಟ್ಟರೆ ಆಯಿತು, ಪೂರ್ತಿ ಲೋಡ್ ವಾಪಸ್ ಬರಬೇಕಾಗಿಲ್ಲ.

ಪುಡಿಯ ಪೊಟ್ಟಣಕ್ಕೆ ಟ್ಯಾಗ್ ಬೇಡ. ನಮ್ಮ ಮೊಬೈಲುಗಳು ಸಾಮಾನ್ಯವಾಗಿ ಯುಎಚ್‌ಎಫ್ ಓದುವುದಿಲ್ಲ, ಅಲ್ಲಿ ಲಾಟ್ ನಂಬರಿನ ಕ್ಯೂಆರ್ ಕೋಡ್ ಸಾಕು.

ಗಿರಣಿಗೆ ಹಾಕುವ ಮುಂಚೆ ಟ್ಯಾಗುಗಳನ್ನು ಬಿಚ್ಚಿ ಎಣಿಸಿ. 40 ಚೀಲಕ್ಕೆ 39 ಟ್ಯಾಗ್ ಬಂದರೆ ಗಿರಣಿ ನಿಲ್ಲಿಸಿ ಹುಡುಕಿ, ಅದರೊಳಗಿನ ಅಲ್ಯೂಮಿನಿಯಂ ತೆಳುಪಟ್ಟಿ ಯಾರ ಅಡುಗೆಗೂ ಹೋಗಬಾರದು. ಬಿಚ್ಚಿದ್ದನ್ನು ಎಸೆಯಬೇಡಿ, ಸುಡಲೂಬೇಡಿ. ಖಾತೆಯಲ್ಲಿ ಹಳೆಯ ಲಾಟ್ ಮುಚ್ಚಿ ಡಬ್ಬಿಯಲ್ಲಿ ತೆಗೆದಿಡಿ, ಮುಂದಿನ ಸುಗ್ಗಿಯಲ್ಲಿ ಇನ್ನೊಂದು ಚೀಲಕ್ಕೆ ಹೊಲಿಯಬಹುದು.