ಬಾವಧನದ ಅಂಗಳದಿಂದ ಭೀಮೆಗೆ ಹರಿಯುವ ನೀರು

ಪುಣೆಯ ಬಾವಧನದಲ್ಲಿರುವ ನಮ್ಮ ಅಂಗಳದ ಮಳೆನೀರು ರಸ್ತೆಬದಿಯ ಚರಂಡಿಗೆ ಇಳಿದು, ಯಾವ ಶುದ್ಧೀಕರಣವೂ ಇಲ್ಲದೆ ರಾಮನದಿಗೆ ಸೇರುತ್ತದೆ. ಅಲ್ಲಿಂದ ಅದು ಮುಳಾ, ಮುಠಾ ನದಿಗಳೊಡನೆ ಭೀಮೆಯನ್ನು ಕೂಡಿ, ಉಜನಿ ಜಲಾಶಯವನ್ನು ದಾಟಿ, ಗಾಣಗಾಪುರದ ಮುಂದೆ ಹರಿದು, ಕೊನೆಗೆ ರಾಯಚೂರಿನ ಬಳಿ ಕೃಷ್ಣೆಯಲ್ಲಿ ಒಂದಾಗುತ್ತದೆ. ಅಫಜಲಪುರ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ನನಗೆ, ಇಲ್ಲಿ ಚೆಲ್ಲಿದ ಗೊಬ್ಬರ ನಮ್ಮೂರಿನವರ ಹೊಳೆಗೇ ಹೋಗುತ್ತದೆ ಎಂಬುದಕ್ಕಿಂತ ದೊಡ್ಡ ಕಾರಣ ಅಂಗಳದ ರೂಢಿಗಳನ್ನು ಬದಲಿಸಲು ಬೇಕಾಗಲಿಲ್ಲ.

ಮೊದಲು ಯೂರಿಯಾ ನಿಲ್ಲಿಸಿದೆ. ಅದರಲ್ಲಿ ಶೇಕಡಾ 46ರಷ್ಟು ಸಾರಜನಕವಿದ್ದು, ನೀರಿನಲ್ಲಿ ಬೇಗನೆ ಕರಗುವುದರಿಂದ ಬೇರು ಹೀರಿಕೊಳ್ಳುವ ಮೊದಲೇ ಜೋರು ಮಳೆಯಲ್ಲಿ ಕೊಚ್ಚಿಹೋಗುತ್ತದೆ. ಹೀಗೆ ಹರಿದುಹೋದ ಗೊಬ್ಬರಗಳ ಸಾರಜನಕ ಮತ್ತು ರಂಜಕದಿಂದ ಕೆರೆ, ಹೊಳೆಗಳಲ್ಲಿ ಪಾಚಿ ಹಬ್ಬಿ, ಅದು ಕೊಳೆಯುವಾಗ ಮೀನಿಗೆ ಬೇಕಾದ ಆಮ್ಲಜನಕ ಕಡಿಮೆಯಾಗುತ್ತದೆ. ಈಗ ತರಗೆಲೆ ಮತ್ತು ಅಡುಗೆಮನೆಯ ತರಕಾರಿ ಸಿಪ್ಪೆಯ ಗೊಬ್ಬರವನ್ನು, ಅದೂ ಮಳೆಗಾಲದ ಬಿರುಸು ಇಳಿದ ಮೇಲೆ ಮಾತ್ರ, ಬುಡಕ್ಕೆ ಹಾಕಿ ಮಣ್ಣು ಮುಚ್ಚುತ್ತೇನೆ.

ಹೆಚ್ಚು ಶ್ರಮ ಹಿಡಿದದ್ದು ನೀರನ್ನು ತಡೆಯುವ ಕೆಲಸ. 100 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1,000 ಲೀಟರ್ ನೀರು ಇಳಿಯುತ್ತದೆ. ಅದೆಲ್ಲ ಗೇಟಿನ ಕಡೆಗೆ ನುಗ್ಗುತ್ತಿತ್ತು. ಇಳಿಜಾರಿನ ತುದಿಯಲ್ಲಿ ಒಂದು ಅಡಿ ಆಳದ, ಬಾಯಿ ಅಗಲವಾದ ತಗ್ಗನ್ನು ತೋಡಿಸಿ, ಗೋಡೆಯಿಂದ ಸಾಕಷ್ಟು ದೂರವಿರುವಂತೆ ನೋಡಿಕೊಂಡೆ. ತೋಡುವಾಗ ಮೇಲಿನ ಕಪ್ಪು ಮಣ್ಣಿನ ಕೆಳಗೆ ಗಟ್ಟಿ ಮುರುಮ್ (ಕಲ್ಲುಮಿಶ್ರಿತ ಗರಸು ಮಣ್ಣು) ಸಿಕ್ಕಿತು. ಆದ್ದರಿಂದ ತಳವನ್ನು ಹಾರೆಯಿಂದ ಸಡಿಲಿಸಿ, ಮರಳು ಮತ್ತು ಗೊಬ್ಬರ ಬೆರೆಸಿ, ನೀರು ತುಂಬಿಸಿ ಪರೀಕ್ಷಿಸಿದೆ. ಒಂದು ದಿನದೊಳಗೆ ನೀರು ಇಂಗಿದರೆ ಸೊಳ್ಳೆಯ ಭಯವಿಲ್ಲ. ಹಾಗೆ ಇಂಗದಿದ್ದರೆ ತಳವನ್ನು ಇನ್ನಷ್ಟು ಸಡಿಲಿಸಲೇಬೇಕು. ಅಂಚಿಗೆ ಲಾವಂಚ ನೆಟ್ಟಿದ್ದೇನೆ. ಅದರ ಬೇರು ಅಡ್ಡ ಹಬ್ಬದೆ ನೇರ ಕೆಳಗಿಳಿಯುವುದರಿಂದ ಮಣ್ಣು ಕುಸಿಯದೆ ನಿಲ್ಲುತ್ತದೆ, ಒತ್ತಾಗಿ ನಿಂತ ಬುಡಗಳು ಕಸಕಡ್ಡಿಯನ್ನೂ ಹೂಳನ್ನೂ ಅಲ್ಲಿಯೇ ಹಿಡಿದಿಡುತ್ತವೆ.

ಕಾರನ್ನು ಸಿಮೆಂಟ್ ನೆಲದ ಮೇಲೆ ತೊಳೆಯುವುದನ್ನೂ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಗಿಡಕ್ಕೆ ಹೇನು ಬಿದ್ದರೆ ಬೇವಿನೆಣ್ಣೆ ಸಾಕು, ಆದರೆ ಮಳೆ ಬರುವಂತೆ ಮೋಡ ಕವಿದ ದಿನ ಸಿಂಪಡಿಸಬಾರದೆಂದು ತೋಟದ ಮಾಳಿ ಕಾಕಾ ಅವರಿಗೆ ಹೇಳಿದ್ದೇನೆ. ಹುಲ್ಲನ್ನು ತೀರಾ ಬುಡಕ್ಕೆ ಕತ್ತರಿಸಬೇಡಿ ಎಂದೂ ಕೇಳಿಕೊಂಡಿದ್ದೇನೆ, ಏಕೆಂದರೆ ಬೋಳು ನೆಲದಿಂದಲೇ ಮಣ್ಣು ಮೊದಲು ಹೊರಡುತ್ತದೆ. ಪ್ರತಿ ಮೇ ತಿಂಗಳಲ್ಲಿ, ಮಳೆಗೆ ಮುನ್ನ, ತಗ್ಗಿನಲ್ಲಿ ಕೂತ ಹೂಳನ್ನು ಎತ್ತಿ ಸೀಬೆ, ನಿಂಬೆ ಗಿಡಗಳ ಬುಡಕ್ಕೆ ಹಾಕಿಬಿಡುತ್ತೇವೆ.