ಪತ್ರಿಕಾ ಪ್ರಕಟಣೆ ಯಾರ ಕೈ ಸೇರಬೇಕು?

ಸಿರಿಧಾನ್ಯ ಘಟಕದ ಪ್ರಕಟಣೆಯನ್ನು ನಲವತ್ತು ಪತ್ರಿಕೆಗಳ ಸಾಮಾನ್ಯ ಇಮೇಲಿಗೆ ಕಳಿಸಿದರೂ ಒಂದು ಸಾಲೂ ಬರಲಿಲ್ಲ. ಜಿಲ್ಲೆಯ ಸುದ್ದಿ ಬೆಂಗಳೂರಿನ ಡೆಸ್ಕಿಗೆ ಹೋದರೆ ಆಗುವುದೇ ಇಷ್ಟು.

ಪ್ರಜಾವಾಣಿ, ವಿಜಯ ಕರ್ನಾಟಕ, ಉದಯವಾಣಿಯ ಜಿಲ್ಲಾ ಪುಟಗಳನ್ನು ಮೂರು ತಿಂಗಳು ಹಿಂದಕ್ಕೆ ತಿರುವಿ, ಕೃಷಿ ಬಗ್ಗೆ ಎರಡು ಸಲವಾದರೂ ಬರೆದವರ ಹೆಸರಷ್ಟೇ ಗುರುತು ಹಾಕಿಕೊಂಡೆ. ‘ಪ್ರಜಾವಾಣಿ ವಾರ್ತೆ’ ಎಂದಷ್ಟೇ ಇದ್ದರೆ ವರದಿಗಾರರ ಹೆಸರು ಸಿಗದು. ಜಿಲ್ಲಾ ಕಚೇರಿಗೆ ಫೋನ್ ಮಾಡಿ, ‘ಕೃಷಿ ಸುದ್ದಿ ಯಾರು ನೋಡ್ತಾರೆ ಸರ್?’ ಅಂದರಾಯಿತು. ಕೊನೆಗೆ ಉಳಿದದ್ದು ಏಳೇ ಹೆಸರು, ಅಷ್ಟು ಧಾರಾಳ ಸಾಕು.

ಒಬ್ಬೊಬ್ಬರಿಗೂ ಬೇರೆ ಪತ್ರ. ಮೊದಲ ಸಾಲಲ್ಲೇ ಊರು, ರೈತರ ಸಂಖ್ಯೆ. ಪಠ್ಯ ಮೊಬೈಲಲ್ಲೂ ಓದಲು ಬರುವ ಯೂನಿಕೋಡ್‌ನಲ್ಲೇ ಇರಲಿ. ‘ನುಡಿ’ ತಂತ್ರಾಂಶದ ಹಳೇ ಫಾಂಟಿನದು ಮೊಬೈಲಲ್ಲಿ ಬರೀ ಗೋಜಲು. ಸಂಜೆ ಪುಟ ಕಟ್ಟುವ ಹೊತ್ತು, ಫೋನ್ ಬೇಡ.